ಎಲ್ ಎಂಬತ್ತಮೂರು

ವೆಸ್ಲಾಕೊದಲ್ಲಿ ಮಾರ್ಚಿಗೇ ಸೆಕೆ.
ಟೈರಂಗಡಿಯ ಮೇಲಿನ ಮಹಡಿಯಲ್ಲಿ
ಏಸಿಯ ಕೆಳಗೆ ಸ್ವೆಟರ್ ಹಾಕಿ ಕೂತು
ನಾನು, ಒಡಿಲಿಯಾ ಕಾಂತೂ,
ದಿನಕ್ಕೆ ತೊಂಬತ್ತು ಜನರನ್ನು ಅಂಕಿಗಿಳಿಸುತ್ತೇನೆ.
ಯಾರ ನಾಡಿಯನ್ನೂ ಹಿಡಿದವಳಲ್ಲ.
ಟೆಕ್ಸಸ್ಸಿನ ಈ ತುದಿಯ ಮೂರು ಕ್ಲಿನಿಕ್ಕುಗಳ
ಕೆಮ್ಮು, ಕಜ್ಜಿ, ಮುರಿದ ಮಣಿಕಟ್ಟು
ಎಲ್ಲವೂ ನನ್ನ ಬೆರಳ ತುದಿಯಿಂದಲೇ ಹಾದು
ಹಣ ಕೊಡುವವರ ಊರಿಗೆ ಹೋಗುತ್ತವೆ.

ಇಂದಿನ ಅರವತ್ತೊಂದನೆಯದು ಯಾರಿತ್ಸಾ.
ಹನ್ನೊಂದು ವರ್ಷ, ಅರವತ್ತೆಂಟು ಕಿಲೊ.
ಶಾಲೆಯ ನರ್ಸ್ ಕವಾಸೋಸಳ ಹಳದಿ ಚೀಟಿ
ಸ್ಕ್ಯಾನಿನಲ್ಲಿ ಓರೆಯಾಗಿ ಬಿದ್ದಿದೆ:
ಐದನೆಯ ತರಗತಿಯನ್ನು ಸಾಲಾಗಿ ನಿಲ್ಲಿಸಿ
ಜಡೆ ಎತ್ತಿಸಿ ನೋಡಿದೆ, ಕತ್ತಿನಲ್ಲಿ ಗುರುತಿದೆ.
ಬಂದ ಕಾರಣ, ತಾಯಿಯ ಮಾತಿನಲ್ಲೇ:
ಕೊಳೆ ಹೋಗುತ್ತಿಲ್ಲ.
ಡಾಕ್ಟರ್ ಹಾಲ್ವರ್ಸನ್ ಅವಸರದ ಮನುಷ್ಯ:
ಕತ್ತು, ಕಂಕುಳು ಕಪ್ಪು, ಮಖಮಲ್ಲಿನಂತೆ ದಪ್ಪ.
ಇನ್ಸುಲಿನ್ ರೆಸಿಸ್ಟೆನ್ಸ್ ಇರಬಹುದು. ರಕ್ತ ಕಳಿಸಿದೆ.
ಅಷ್ಟೇ. ಹೆಸರಿಲ್ಲ.

'ಕೊಳೆ' ಅನ್ನುವ ಪದ ಕಂಡದ್ದೇ ತಡ
ಹೊಸ ಸಾಫ್ಟ್‌ವೇರ್ ಹಸಿರಾಗಿ ಮಿನುಗಿ ಸೂಚಿಸಿತು:
ಆರ್ ನಲವತ್ತಾರು ಪಾಯಿಂಟ್ ಸೊನ್ನೆ.
ವೈಯಕ್ತಿಕ ಶುಚಿತ್ವ ತೀರಾ ಕಡಿಮೆ.
ಒಪ್ಪಲು ಒಂದು ಗುಂಡಿ ಒತ್ತಿದರೆ ಸಾಕು.

ಒತ್ತಲಿಲ್ಲ.
ಕೈ ತಾನಾಗಿ ಸ್ವೆಟರಿನ ಕಾಲರಿಗೆ ಹೋಯಿತು.

ಪ್ರತಿ ಶನಿವಾರ ಅಜ್ಜಿ ನನ್ನನ್ನು
ಹಿತ್ತಿಲ ನಲ್ಲಿಯ ಕೆಳಗೆ ಬಗ್ಗಿಸುತ್ತಿದ್ದಳು.
ಅರ್ಧ ನಿಂಬೆ, ಸೋಡಾಪುಡಿ, ಕಾಲು ತಿಕ್ಕುವ ಕಲ್ಲು.
ನೋವಾದರೂ ಬಾಯಿ ಬಿಡುವಂತಿರಲಿಲ್ಲ;
ಪೂಜೆಗೆ ಹೋದಾಗ ಹಿಂದಿನ ಬೆಂಚಿನವರು
ನೋಡುವುದು ಅದನ್ನೇ ತಾನೇ.
ಉಜ್ಜಿದಷ್ಟೂ ಕೆಂಪಾಯಿತು, ರಕ್ತ ಜಿನುಗಿತು,
ಬುಧವಾರದ ಹೊತ್ತಿಗೆ ಮತ್ತೆ ಕಪ್ಪು.
ಹಣೆಬರಹ ಅಳಿಸಲಾಗದು ಎನ್ನುತ್ತಾರಲ್ಲ,
ಕತ್ತಿನ ಬರಹವೂ ಹಾಗೇ:
ಒಳಗಿನಿಂದ ಬರೆದದ್ದು,
ಸಾಬೂನಿಗೆ ಓದಲು ಬಾರದು.
ಮೂವತ್ತನಾಲ್ಕಕ್ಕೆ ಸಕ್ಕರೆ ಕಾಯಿಲೆ ಎಂದರು ನನಗೆ.
ಅಲ್ಲಿಯವರೆಗೆ ಯಾರೂ ಏನೂ ಬರೆದಿರಲಿಲ್ಲ,
ಬರೆಯದ್ದು ನಡೆದೇ ಇಲ್ಲ
ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ.

ಗೊತ್ತಿದ್ದೂ ನಾನು ಹೇಳುವಂತಿಲ್ಲ.
ನನ್ನ ಕತ್ತು ಸಾಕ್ಷಿಯಲ್ಲ.
ಡಾಕ್ಟರು ಹೆಸರಿಡಬೇಕು, ನಾನು ಅಂಕಿ ಇಡಬೇಕು;
ಉತ್ತರವನ್ನು ಬಾಯಿಗೆ ತುರುಕದ ಹಾಗೆ
ಪ್ರಶ್ನೆ ಕಳಿಸಬೇಕು. ಕಳಿಸಿದೆ:
ತಾವು ವರ್ಣಿಸಿದ ಚರ್ಮಕ್ಕೆ
ತಮ್ಮ ವೈದ್ಯಕೀಯ ತೀರ್ಮಾನವೇನು, ದಯವಿಟ್ಟು ನಮೂದಿಸಿ.
ಇಷ್ಟು ಸೌಮ್ಯವಾದ ವಾಕ್ಯವನ್ನು
ಹಲ್ಲು ಕಚ್ಚಿ ಟೈಪು ಮಾಡಿದ್ದು ಅದೇ ಮೊದಲು.

ನಾಲ್ಕು ದಿನ ಏನೂ ಇಲ್ಲ.
ಸೂಪರ್‌ವೈಸರ್ ಲೂಪೆ ಎರಡು ಸಲ ಬಂದಳು:
ಅರವತ್ತೊಂದು ಯಾಕೆ ಇನ್ನೂ ತೆರೆದಿದೆ?
ಹಸಿರು ಒತ್ತು, ಮುಗಿಸು.
ಕಾಯುತ್ತಿದ್ದೇನೆ, ಅಂದೆ.

ಐದನೆಯ ದಿನ ಎರಡೇ ಪದ ಬಂತು,
ಅದೂ ಒಂದಕ್ಷರ ತಪ್ಪಿ:
ಅಕಾಂಥೋಸಿಸ್ ನಿಗ್ರಿಕಾನ್.
ಸಾಕು ನನಗೆ.
ಎಲ್. ಎಂಟು. ಮೂರು.
ರಕ್ತದ ವರದಿಯೂ ಬಂದಿತ್ತು, ಇನ್ಸುಲಿನ್ ಮೂವತ್ತೊಂದು,
ಅದರ ಪಕ್ಕ ಲ್ಯಾಬಿನವರ ಕೆಂಪು ಬಾಣ.
ಬಾಣಕ್ಕೆ ನಾನು ಹೆಸರು ಕೊಡುವಂತಿಲ್ಲ,
'ಇರಬಹುದು'ಗೆ ನಮ್ಮ ಪುಸ್ತಕದಲ್ಲಿ ಅಂಕಿಯಿಲ್ಲ.
ಅದಕ್ಕೆ ಇನ್ನೊಂದು ಪ್ರಶ್ನೆ ಬರೆದೆ.
ಲೂಪೆ ನಿಟ್ಟುಸಿರಿಟ್ಟಳು.

ಯಾರಿತ್ಸಾ, ಈ ಮೂರು ಅಕ್ಷರ
ನಿನ್ನ ಮನೆಗೆ ಬರುವುದಿಲ್ಲ.
ಒಮಾಹಾದ ಯಾವುದೋ ಯಂತ್ರ ಅದನ್ನೋದಿ
ನಲವತ್ತೆರಡು ಡಾಲರು ಬಿಡುಗಡೆ ಮಾಡುತ್ತದೆ.
ಶನಿವಾರ ನಿನ್ನಮ್ಮ ನಿಂಬೆ ಕೊಯ್ಯುತ್ತಾಳೋ ಏನೋ,
ಆ ಮಾಹಿತಿಗೆ ನಮ್ಮಲ್ಲಿ ಕಾಲಮ್ಮಿಲ್ಲ.

ಐದಕ್ಕೆ ಕೆಳಗಿಳಿದೆ. ರಬ್ಬರಿನ ವಾಸನೆ, ಬಿಸಿ ಗಾಳಿ.
ಸ್ವೆಟರ್ ಕಳಚಿ ಚೀಲಕ್ಕೆ ತುರುಕಿ
ಕೂದಲನ್ನೆಲ್ಲ ಮೇಲೆತ್ತಿ ಕ್ಲಿಪ್ಪು ಹಾಕಿದೆ.
ಬಸ್ಸಿನ ಸಾಲಿನಲ್ಲಿ
ನನ್ನ ಹಿಂದೆ ಯಾರೋ ಬಂದು ನಿಂತರು.