ಆಟಕ್ಕುಂಟು

ಒಂದು ಪ್ಯಾಂಟಿಗೆ ಇಷ್ಟು, ನೂರಕ್ಕೆ ಇಷ್ಟು.
ಗುಂಡಿ ಹೊಡೆಯುವವರ ಲೆಕ್ಕ ಬೇರೆ,
ದಾರ ಕತ್ತರಿಸುವ ನಮ್ಮ ಲೆಕ್ಕ ಬೇರೆ.
ಸಂಜೆ ಶೇಕ್ಷಾವಲಿ ಬರುತ್ತಾನೆ, ಕಿವಿಗೆ ಪೆನ್ನು ಸಿಕ್ಕಿಸಿ,
ಕಟ್ಟು ಬಿಚ್ಚದೆಯೇ ಹೆಬ್ಬೆರಳಲ್ಲಿ ಎಣಿಸುತ್ತಾನೆ
ರೊಕ್ಕ ಎಣಿಸಿದ ಹಾಗೆ.
ಒಂದು ಕಡಿಮೆ ಬಿದ್ದರೆ ಮೂಲೆ ಮೂಲೆ ತಡಕುತ್ತಾನೆ,
ಮಲಗಿದ ಬೆಕ್ಕನ್ನೂ ಎಬ್ಬಿಸಿ.

ಹದಿನಾರು ವರ್ಷ ನಾನೂ ಬರೀ ಎಣಿಸಿದೆ.
ನಳ ಬಂದು ಎಷ್ಟು ದಿನ, ತುಂಬಿದ್ದು ಎಷ್ಟು ಕೊಡ,
ಸಿಲಿಂಡರು ಇನ್ನೆಷ್ಟು ದಿನ ಬಂದೀತು,
ನಾಗವೇಣಿಯ ಫೀಸಿಗೆ ಎಷ್ಟು ಪ್ಯಾಂಟು.
ರಾತ್ರಿ ಕಣ್ಣು ಮುಚ್ಚಿದರೆ ರೆಪ್ಪೆಯೊಳಗೂ ನೀಲಿ:
ಕಾಲುಗಳು, ಬರೀ ಕಾಲುಗಳು,
ಯಾರೂ ಇನ್ನೂ ತೊಟ್ಟಿರದ ಸಾವಿರ ಕಾಲುಗಳು
ನನ್ನ ಬಿಟ್ಟು ಎಲ್ಲಿಗೋ ನಡೆದು ಹೋಗುತ್ತಿದ್ದವು.

ಹೋದ ಬ್ಯಾಸಗಿಯ ಒಂದು ಮಧ್ಯಾಹ್ನ
ಕರೆಂಟು ಹೋಯಿತು.
ಕೌಲ್ ಬಜಾರಿನ ಮಶೀನುಗಳೆಲ್ಲ
ಒಂದೇ ಏಟಿಗೆ ಬಾಯಿ ಮುಚ್ಚಿದವು.
ಉಳಿದದ್ದು ನನ್ನ ಕತ್ತರಿಯ ಕಚ್ ಕಚ್.
ನಾಚಿಕೆಯಾಗಿ ಅದನ್ನೂ ನಿಲ್ಲಿಸಿದೆ.

ಆಗ ಕೇಳಿತು,
ಪಕ್ಕದ ಮನೆಯಲ್ಲಿ ಮಂಡಕ್ಕಿಗೆ ಒಗ್ಗರಣೆ, ಸಾಸಿವೆಯ ಚಟಪಟ,
ಯಾರದೋ ಬಳೆ ಪಾತ್ರೆಗೆ ತಾಗಿದ್ದು,
ಓಣಿಯ ಬೇವಿನ ನೆರಳಲ್ಲಿ ಹುಡುಗಿಯರ ಕುಂಟೆಬಿಲ್ಲೆ.
ಯರ್ರೆಮ್ಮನ ಮೊಮ್ಮಗ ಗಾದಿಲಿಂಗ, ನಾಕು ವರ್ಷದವ,
ತನ್ನನ್ನೂ ಸೇರಿಸಿಕೊಳ್ಳಿರೆಂದು ಅಳುತ್ತಿದ್ದ.
ದೊಡ್ಡ ಹುಡುಗಿ ಜಡೆ ಹಿಂದಕ್ಕೆಸೆದು ತೀರ್ಪು ಕೊಟ್ಟಳು:
‘ಬಿಡ್ರೆ, ಇವ ಆಟಕ್ಕುಂಟು, ಲೆಕ್ಕಕ್ಕಿಲ್ಲ.’

ಅವನ ಮುಖ ನೋಡಬೇಕಿತ್ತು ನೀವು!
ಗೆರೆ ತುಳಿದ, ಎರಡೂ ಕಾಲೂರಿದ,
ಮೂರನೆಯ ಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು
ಇರುವೆಯೊಂದು ದಾಟುವ ತನಕ ಕಾದ.
ಯಾರೂ ಅವನನ್ನು ಔಟ್ ಅನ್ನಲಿಲ್ಲ.
ಗೆಲ್ಲುವ ಹುಡುಗಿಯರ ಹಣೆಯಲ್ಲಿ ಗಂಟಿತ್ತು.
ಇವನ ಹಣೆಯಲ್ಲಿ ಬೆವರು ಮಾತ್ರ.

ಮರುದಿನದಿಂದ ನನಗೂ ದಿನಕ್ಕೊಂದು ಅಂಥದ್ದು ಬೇಕೆನಿಸಿತು,
ಆಟಕ್ಕಿದ್ದು ಲೆಕ್ಕಕ್ಕಿಲ್ಲದ್ದು.
ಮರೆತುಹೋದೀತೆಂದು ಲೆಕ್ಕದ ಬುಕ್ಕಿನ ಹಿಂಬದಿ ಬರೆಯತೊಡಗಿದೆ.
ವಾರದ ಕೊನೆಗೆ ನೋಡಿದರೆ
ಕೆಳಗೆ ಗೆರೆ ಎಳೆದು ಕೂಡಿಸಿದ್ದೇನೆ: ಏಳು!
ಒಬ್ಬಳೇ ನಕ್ಕೆ.
ಹಾಳೆ ಹರಿದು ನೀರೊಲೆಗೆ ಹಾಕಿದೆ.

ಈಗ ಬರೆಯುವುದಿಲ್ಲ.
ಅದಿರಿನ ಲಾರಿ ಇಳಿದು ಬಂದ ಗಂಡನ ಅಂಗಿಯ ಕೆಂಪು,
ನನ್ನ ಕೈಯಿಂದ ಬಿಡುವ ನೀಲಿ,
ಎರಡೂ ಒಂದೇ ಬಕೀಟಿನಲ್ಲಿ ಕೂಡಿ
ಬದನೆ ಹೂವಿನ ಬಣ್ಣವಾಗುವುದು
ಇಷ್ಟು ದಿನವೂ ಆಗುತ್ತಲೇ ಇತ್ತು.
ಮೊನ್ನೆ, ಚೆಲ್ಲುವ ಮುಂಚೆ, ನೋಡಿದೆ.
ಅವನನ್ನೂ ಕರೆದೆ. ‘ಏನೈತಿ ಅದರಾಗ?’ ಅಂದ,
ಆದರೂ ಹಲ್ಲುಜ್ಜುವ ಕಡ್ಡಿ ಬಾಯಲ್ಲೇ ಇಟ್ಟು
ಸ್ವಲ್ಪ ಹೊತ್ತು ಬಗ್ಗಿ ನಿಂತಿದ್ದ.

ಸುಖ ಎಂದು ಹೇಳಲಾರೆ. ಬೆನ್ನು ನೋಯುತ್ತದೆ.
ನೂರಕ್ಕೆ ಐದು ರೂಪಾಯಿ ಹೆಚ್ಚಿಸೆಂದು
ಜಗಳವಾಡುವುದನ್ನೂ ಬಿಟ್ಟಿಲ್ಲ ನಾನು.
ಆ ಲೆಕ್ಕ ಲೆಕ್ಕವೇ.

ಇವತ್ತು ಶೇಕ್ಷಾವಲಿ ಎರಡು ಸಲ ಎಣಿಸಿದ.
‘ಒಂದು ಕಡಿಮಿ ಬರ್ತೈತಲ್ಲಕ್ಕ.’
ಬೆಕ್ಕು ತಾನಾಗಿಯೇ ಎದ್ದು ಹೋಯಿತು.
ಕೋಟೆಗುಡ್ಡದ ಬಂಡೆ, ದಿನವೆಲ್ಲ ಕಾದದ್ದು,
ಈಗಷ್ಟೇ ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು.
ಕತ್ತರಿ ಹಿಡಿದ ಕೈ ಯಾವಾಗ ನಿಂತಿತೋ
ನನಗೂ ಗೊತ್ತಿಲ್ಲ.
ಮಡಿಲಲ್ಲಿದ್ದ ಪ್ಯಾಂಟು ಎತ್ತಿ ತೋರಿಸಿದೆ.

‘ಇಲ್ಲೈತಿ. ಕುಂದ್ರು.
ಇನ್ನೂ ಒಂದು ದಾರ ಉಳಿದೈತಿ.’