ನಾನೂರ ಹನ್ನೆರಡು

ಹತ್ತೊಂಬತ್ತು ಬೆಳಗು ನಮ್ಮ ವರದಿ
ನಾನೂರ ಹನ್ನೆರಡು ಟನ್ ಅಂತಲೇ ಹೇಳಿತು.
ಬರ್ಗೆನ್ನಿನ ನಿರ್ದೇಶಕರು ನೋಡಿದರು,
ನೇಪಲ್ಸಿನ ವ್ಯಾಪಾರಿ ನೋಡಿದ,
ನಾನೂ ನೋಡಿದೆ, ಕಾಫಿ ಹೀರುತ್ತ.
ಹಸಿರು ಕಂಬ, ನೀಲಿ ಕಂಬ, ಎಲ್ಲ ನೆಟ್ಟಗೆ.
ಲೋಫೋಟೆನ್ನಿನ ಕಾಡ್ ಮೀನು
ಇಷ್ಟು ಅಚ್ಚುಕಟ್ಟಾಗಿ ಎಂದೂ ಒಣಗಿರಲಿಲ್ಲ.

ಕೇಳಿದವನು ಆಸ್ಲಾಕ್ ಒಬ್ಬನೇ,
ವರದಿ ಓದುವ ಚಟವೇ ಇಲ್ಲದವನು.
ಊಟದ ಕೋಣೆಯ ಗೋಡೆಗೆ ಅಂಟಿಸಿದ ಹಾಳೆಯೆದುರು
ಒದ್ದೆ ಕೈಗವಸು ಕಳಚುತ್ತ ನಿಂತು
"ಹಾಗಾದರೆ ನಿನ್ನೆ ನಾವು ನೇತುಹಾಕಿದ್ದು
ಯಾರ ಮೀನು?" ಅಂದ.

ಜಾಡು ಹಿಡಿದು ಹೋದೆ.
ವರದಿ ಓದುತ್ತಿದ್ದದ್ದು ಟೂರ್ಡಿಸಳ ಹಳೇ ಲ್ಯಾಪ್‌ಟಾಪಿನ
ಒಂದು ಫೈಲನ್ನು. ಅವಳು ಕೆಲಸ ಬಿಟ್ಟು ಬೂಡೆಗೆ ಹೋದಳು,
ಯಂತ್ರ ಬೀರುವಿನಲ್ಲಿ, ಹಗ್ಗದ ರಸೀತಿಗಳ ಕೆಳಗೆ,
ಬ್ಯಾಟರಿ ಸತ್ತು ಮಲಗಿತ್ತು.
ಆಸ್ಲಾಕನ ಹಾಳೆಯೋ, ಆಗಲೇ ಕ್ಲೌಡಿಗೆ ಏರಿತ್ತು.
ದಿನಾ ಸಂಜೆ ಧಕ್ಕೆಯ ಮೇಲೆ ನಿಂತೇ
ಫೋನಿನಲ್ಲಿ ಒಂದೇ ಹೆಬ್ಬೆರಳಿನಿಂದ ತುಂಬುತ್ತಿದ್ದ.
ಬರೆಯುವ ಕೈ ಅಲ್ಲಿ, ಓದುವ ಕಣ್ಣು ಇಲ್ಲಿ,
ನಡುವೆ ಒಂದು ನೂಲೂ ಇಲ್ಲ.

ಸರಿ, ಕಟ್ಟೋಣ ಎಂದು ಕೂತೆ.
ಬ್ರೌಸರಿನ ವಿಳಾಸ ಎತ್ತಿ ಅಂಟಿಸಿದರೆ
ಇದು ಹಾಳೆಯಲ್ಲ, ಹಾಳೆಯ ಬಾಗಿಲು ಎಂದಿತು ತಂತ್ರಾಂಶ.
ಪ್ರಶ್ನೆಚಿಹ್ನೆಯಿಂದಾಚೆಗಿನ ಬಾಲ ಕತ್ತರಿಸಬೇಕಂತೆ.
ನಾವಿಲ್ಲಿ ತಲೆ ಕಡಿಯುವವರು.
ಎರಡೆರಡು ಮೀನಿನ ಬಾಲ ಸೇರಿಸಿ ಬಿಗಿದು
ಗಳುಗಳ ಮೇಲೆ ಜೋತುಬಿಡುವವರು.
ಬಾಲವೇ ಹೋದರೆ ಏನನ್ನು ಹಿಡಿದು ಕಟ್ಟುವುದು?
ಕಡಿದೆ.
ಕಟ್ಟಿಕೊಂಡಿತು.

ಆಮೇಲೆ ನೀನು ಯಾರು ಅಂತ ಕೇಳಿತು,
ಅನಾಮಧೇಯಳೋ, ಸಂಸ್ಥೆಯವಳೋ.
ಹನ್ನೊಂದು ವರ್ಷ ಇದೇ ಕಿಟಕಿಯ ಪಕ್ಕ
ಸಂಬಳದ ಲೆಕ್ಕ ಬರೆದವಳು, ಸಂಸ್ಥೆಯವಳು ಎಂದು ಒತ್ತಿದೆ.
ನಂಬಲಿಲ್ಲ. ಫೋನಿಗೆ ಆರಂಕಿ ಕಳಿಸಿ ಪರೀಕ್ಷಿಸಿತು.

ಹಾಳೆ ತೆರೆಯಿತು. ಟನ್ ಎಂಬ ಕಾಲಮ್ಮಿನಲ್ಲಿ
ಅಂಕಿ, ಅಂಕಿ, ಅಂಕಿ, ಆಮೇಲೆ ಕೆಂಪಗೆ: ದೋಷ.
ನಾಲ್ಕು ಸಾಲು ಬಿಟ್ಟು ಮತ್ತೆ: ದೋಷ.
ಒಳಹೊಕ್ಕು ನೋಡಿದರೆ ಆಸ್ಲಾಕನ ಅಕ್ಷರ.
"ದಕ್ಷಿಣದ ಗಾಳಿ. ತೂಗಲಿಲ್ಲ."
"ಹದಿನೆಂಟು, ಆದರೆ ಮೂರನೇ ಚಪ್ಪರದ್ದು
ಹೆಪ್ಪುಗಟ್ಟಿ ಸೀಳಿದೆ, ಹಿಡಿಯಬೇಡಿ."
"ಮಾಗ್ನ್‌ಹಿಲ್ಡಳ ದೋಣಿ ಇನ್ನೂ ಬಂದಿಲ್ಲ."
ಕೆಳಗಿನ ಸಾಲು, ಮರುದಿನದ್ದು:
"ಬಂತು. ಇಪ್ಪತ್ತೆರಡು."

ದೋಣಿ ಬಾರದ ಆ ರಾತ್ರಿ ನನಗೆ ಗೊತ್ತೇ ಇರಲಿಲ್ಲ.
ತಾರೀಖು ನೋಡಿದೆ. ಅವತ್ತು ನಾನು
ಕಂಬಗಳಿಗೆ ಬಣ್ಣ ಆರಿಸುತ್ತಿದ್ದೆ.

ದೋಷದ ಸಾಲು ತೆಗೆದುಹಾಕಲೇ, ಸೊನ್ನೆ ಇಡಲೇ
ಎಂದು ವಿನಯದಿಂದಲೇ ಕೇಳಿತು.
ಸೊನ್ನೆ ಇಟ್ಟರೆ ಅವನು ಆ ದಿನ
ಧಕ್ಕೆಗೇ ಇಳಿಯಲಿಲ್ಲ ಎಂದಾಗುತ್ತದೆ.
ಪಕ್ಕದಲ್ಲೊಂದು ಕಾಲಮ್ ಸೇರಿಸಿದೆ. ಹೆಸರು: ಮಾತು.
ಚಿತ್ರಕ್ಕೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ.
ದಿನಾ ಬೆಳಿಗ್ಗೆ ಆರಕ್ಕೆ ತಾನಾಗಿ ಹೊಸದಾಗು
ಎಂದು ಹೇಳಿ, ಮನೆಗೆ ಹೋಗಿ ಮಲಗಿದೆ.

ಆರುನೂರ ಎಪ್ಪತ್ತು.
ಬರ್ಗೆನ್ನಿನಿಂದ ಗಾಬರಿಯ ಕರೆ:
ಒಂದೇ ರಾತ್ರಿಗೆ ಇಷ್ಟು ಮೀನು ಎಲ್ಲಿಂದ ಬಂತು?
ಹತ್ತೊಂಬತ್ತು ರಾತ್ರಿಯದು ಅಂದೆ.
ಆ ಕಡೆ ಯಾರೋ ಕುರ್ಚಿ ಸರಿಸಿದ ಸದ್ದು.

ಆಸ್ಲಾಕನಿಗೆ ತೋರಿಸಿ ಹೇಳಿದೆ,
ಏನು ಬೇಕಾದರೂ ಬರೆ, ಕಾಲಮ್ಮಿನ ಹೆಸರು ಮಾತ್ರ ಮುಟ್ಟಬೇಡ,
ಒಂದಕ್ಷರ ಆಚೀಚೆಯಾದರೂ ಗಂಟು ಬಿಚ್ಚಿಕೊಳ್ಳುತ್ತೆ.
ಹೂಂ ಅಂದ, ಚಾಕು ಒರೆಸುತ್ತ.
ಸಂಜೆ ತೆರೆದೆ. ಟನ್ನಿನಲ್ಲಿ ಹದಿನಾಲ್ಕು.
ಮಾತಿನಲ್ಲಿ:
"ಏನೂ ಇಲ್ಲ. ಬೆಳಕು ಚೆನ್ನಾಗಿತ್ತು."