ಬುಧವಾರ, ಆರೂವರೆ

ಮೀನಿನ ಕಾರ್ಖಾನೆಯಿಂದ ನೇರ ಇಲ್ಲಿಗೆ.
ಮೂರು ಸಲ ಸೋಪು ಹಾಕಿ ತಿಕ್ಕಿದರೂ ಬೆರಳ ಸಂದಿಯಲ್ಲಿ
ಕಾಡ್ ಮೀನು, ಅದರಡಿಯಲ್ಲಿ ಗ್ರೀಸು.
ಪಕ್ಕದ ಎಲ್ಲಿಸ್, ಇನ್ನೂ ಮೀಸೆ ಬಲಿಯದ ಹುಡುಗ,
ಸೆಕೆ ಎಂದು ನೆವ ಹೇಳಿ ಕಿಟಕಿ ತೆರೆಯುತ್ತಾನೆ.
ಗ್ರಿಮ್ಸ್‌ಬಿಯಲ್ಲಿ, ಫೆಬ್ರವರಿಯಲ್ಲಿ, ಸೆಕೆ!
ಒಳ್ಳೆಯ ಹುಡುಗ. ಮೂಗು ಮುಚ್ಚಿಕೊಳ್ಳಲಿಲ್ಲವಲ್ಲ.

ಹಲಗೆಯ ಮೇಲೆ ಡಿವೈ ಬೈ ಡಿಎಕ್ಸ್.
ಬದಲಾವಣೆಯ ವೇಗ, ಎನ್ನುತ್ತಾರೆ ಮಿಸೆಸ್ ಬ್ರಾಕಲ್ಸ್‌ಬಿ.
ಇಪ್ಪತ್ತೆರಡು ವರ್ಷ ಸ್ಪ್ಯಾನರು ಹಿಡಿದವಳಿಗೆ
ಅದು ಗೊತ್ತಿಲ್ಲದ್ದೇ?
ಮಂಜುಗಡ್ಡೆ ಯಂತ್ರದ ಪಂಪು ಸಾಯುವ ಮೊದಲು
ಗೊಣಗುತ್ತದೆ, ಆಮೇಲೆ ನರಳುತ್ತದೆ,
ನರಳಿಕೆ ಮೊದಲು ದಿನದಿಂದ ದಿನಕ್ಕೆ, ಕಡೆಗೆ ಗಂಟೆಯಿಂದ ಗಂಟೆಗೆ ಏರಿ
ಆಮೇಲೆ ಸುಮ್ಮನಾಗುತ್ತದೆ.
ಕಿವಿಗೆ ಎಲ್ಲ ಗೊತ್ತು.
ಕೈಗೆ ಬರೆಯಲು ಬಾರದು, ಅಷ್ಟೆ.

ಉಗುರು ಬೆಳ್ಳಗಿದ್ದ ಇಂಜಿನಿಯರುಗಳು ಬಂದು ಹೋದರು, ಐದೋ ಆರೋ.
"ಏನಿರಬಹುದು?" ಎಂದು ನನ್ನನ್ನೇ ಕೇಳಿ
ನಾನಂದದ್ದನ್ನೇ ಬರೆದು ಸಹಿ ಹಾಕಿದರು.
ನಾನು ಟೀ ಕುಡಿದೆ.

ಬುಧವಾರ ನನ್ನ ಪಾಳಿ ಹೊರುವವನು ಕೆಸ್ತೂಟಿಸ್.
ಕೌನಾಸಿನಲ್ಲಿ ಇದನ್ನೆಲ್ಲ ಎಂದೋ ಓದಿ ಮುಗಿಸಿದವನು:
"ನನ್ನ ಕಾಗದದಲ್ಲಿ ಇಲ್ಲಿ ಹೆರಿಂಗ್ ಸುತ್ತಬಹುದು.
ನಿನ್ನದು ನಡೆಯುವ ನಾಣ್ಯ. ಹೋಗು, ಓದು."
ಊಟದ ಡಬ್ಬಿಯ ಮುಚ್ಚಳದ ಮೇಲೆ, ಪೆಟ್ಟಿಗೆಗೆ ತಾರೀಖು ಬರೆಯುವ ಮಾರ್ಕರಿನಲ್ಲಿ
ಎಂಟ್ರೊಪಿ ಹೇಳಿಕೊಟ್ಟ.
ಅಷ್ಟರಲ್ಲಿ ಅವನ ಸೂಪು ತಣ್ಣಗಾಯಿತು, ಪಾಠಕ್ಕೆ ಅದೇ ಸಾಕ್ಷಿ.

ಹನ್ನೊಂದನೇ ವಾರ: ಲೋಹದ ದಣಿವು.
ಲೋಹವೂ ದಣಿಯುತ್ತದಂತೆ. ಒಂದು ದೊಡ್ಡ ಏಟಿಗಲ್ಲ,
ಸಣ್ಣ ಸಣ್ಣದಕ್ಕೆ, ಲಕ್ಷ ಸಲ, ಹತ್ತು ಲಕ್ಷ ಸಲ.
ಎಲ್ಲರೂ ಬರೆದುಕೊಂಡರು. ನಾನು
ಚೀಲದಿಂದ ಹಳೆಯ ಟವೆಲಿನ ಗಂಟು ತೆಗೆದೆ.

ಒಂಬತ್ತು ವರ್ಷ ಶೆಡ್ಡಿನಲ್ಲಿ, ಬಣ್ಣದ ಡಬ್ಬಿಗಳ ಹಿಂದೆ, ಎಣ್ಣೆ ಹಚ್ಚಿ ಇಟ್ಟದ್ದು:
ನಾಲ್ಕನೇ ಸಾಲಿನ ಕನ್ವೇಯರ್ ಶಾಫ್ಟು, ಮುರಿದ ತುದಿ.
ಅದು ಅಳುತ್ತಿದೆ ಎಂದು ಹೇಳಿದ್ದೆ. ಎರಡು ಸಲ ಹೇಳಿದ್ದೆ.
"ಆಧಾರ?" ಎಂದಿದ್ದರು.
ಕಿವಿಯನ್ನು ಕಿತ್ತು ಫೈಲಿಗೆ ಲಗತ್ತಿಸಲಾದೀತೇ.
ಮೂರನೇ ಸಲ ಹೇಳಲಿಲ್ಲ.
ಶುಕ್ರವಾರ ಬೆಳಿಗ್ಗೆ ಅದು ಹೋಯಿತು,
ಡೋರೀನಳ ಬಲ ಮಣಿಕಟ್ಟನ್ನೂ ಕರೆದುಕೊಂಡು.

ಮಿಸೆಸ್ ಬ್ರಾಕಲ್ಸ್‌ಬಿ ಏನೂ ಕೇಳಲಿಲ್ಲ.
ಎಣ್ಣೆಯನ್ನು ಹತ್ತಿಯಲ್ಲಿ ಒರೆಸಿ, ಮಸೂರದಡಿ ಇಟ್ಟು,
ದೀಪವನ್ನು ಓರೆಯಾಗಿ ಬಾಗಿಸಿ, ಸರಿದು ನಿಂತರು.
ನೋಡಿದೆ.
ಕ್ಲೀಥಾರ್ಪ್ಸ್‌ನ ಮರಳು!
ಇಳಿತದ ನೀರು ಹಿಂದೆ ಸರಿಯುತ್ತ ಬಿಟ್ಟುಹೋಗುವ ಗೆರೆ,
ಗೆರೆಯಾಚೆ ಗೆರೆ, ಗೆರೆಯಾಚೆ ಗೆರೆ,
ಕೀಲಿಗಂಡಿಯ ಮೂಲೆಯಿಂದ ಹೊರಟು ಮುಕ್ಕಾಲು ದಾರಿ.
ಒಂದೊಂದು ಗೆರೆಯೂ ಬಿರುಕು ನಿಂತು ಉಸಿರಾಡಿದ ಜಾಗ.
ಉಳಿದ ಕಾಲು ಭಾಗ ಒರಟು: ಅದೊಂದೇ ಆ ಶುಕ್ರವಾರದ್ದು.

ಎಲ್ಲಿಸ್ ಇಣುಕಿದ. "ಅಂದರೆ ನೀವು ಹೇಳಿದ್ದು ಸರಿ," ಎಂದ.
ಸರಿ ಎಂಬುದು ಇಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ.
ಹೋಗಿ ಕಿಟಕಿ ಮುಚ್ಚಿದ, ಯಾರೂ ಕೇಳದೆಯೇ.

ಅಸೈನ್ಮೆಂಟು: ಎರಡು ಸಾವಿರ ಪದ, ವೈಫಲ್ಯದ ವಿಶ್ಲೇಷಣೆ.
"ನಾನು" ಎಂದು ಬರೆಯಬಾರದಂತೆ,
"ಗಮನಿಸಲಾಯಿತು" ಎನ್ನಬೇಕಂತೆ.
ಕೇಳಿಸಿಕೊಳ್ಳಲಾಯಿತು, ಎಂದು ಬರೆದೆ. ಹೊಡೆದುಹಾಕಿದೆ.
ಕೇಳಿಸಿಕೊಳ್ಳಲಾಗಲಿಲ್ಲ, ಎಂದು ಬರೆದೆ.

ಭಾನುವಾರ ಡೋರೀನಳ ಮನೆಗೆ ಹೋದೆ. ಆ ತುಂಡು ಒಯ್ಯಲಿಲ್ಲ.
ಗೆರೆಗಳ ಸಂಗತಿ ಹೇಳಿದೆ.
"ಎಷ್ಟು ತಿಂಗಳಿಂದ?"
"ಏಳಿರಬಹುದು. ಲೆಕ್ಕ ಇನ್ನೂ ಮುಗಿದಿಲ್ಲ."
ಎಡಗೈಯಲ್ಲಿ ಕೆಟಲ್ ಎತ್ತಿ ಸುರಿಯುತ್ತ
"ಮುಗಿಸು," ಎಂದಳು. "ಬಿಸ್ಕತ್ತು ಆ ಡಬ್ಬಿಯಲ್ಲಿದೆ,
ಮುಚ್ಚಳ ನೀನೇ ತೆಗಿ."